ಉದ್ರಿ ಪುಸ್ತಕ ಈಗ ಯಾರ ಕೈಯಲ್ಲಿದೆ?

2025ರ ಜುಲೈ ಮೂರನೇ ವಾರ. ಲಗ್ಗೆರೆಯಲ್ಲಿರುವ ನಮ್ಮ ಸೋದರಮಾವನ ಪ್ರಾವಿಜನ್ ಸ್ಟೋರಿಗೆ ಹೋಗಿದ್ದೆ. ಗಲ್ಲಾಪೆಟ್ಟಿಗೆಯ ಮುಂದೆ ವರ್ಷಗಟ್ಟಲೆ ಅಂಟಿಕೊಂಡಿದ್ದ ಕ್ಯೂಆರ್ ಸ್ಟಿಕ್ಕರ್ ಮಾಯವಾಗಿತ್ತು. ಬ್ಲೇಡಿನಲ್ಲಿ ಕೆರೆದು ತೆಗೆದ ಗುರುತು ಮಾತ್ರ ಉಳಿದಿತ್ತು. ಪಕ್ಕದಲ್ಲಿ ಸ್ಕೆಚ್ ಪೆನ್ನಿನಲ್ಲಿ ಬರೆದ ರಟ್ಟು: 'ಯುಪಿಐ ಇಲ್ಲ, ಕ್ಯಾಶ್ ಮಾತ್ರ'.

"ನಿಮಗೂ ನೋಟಿಸ್ ಬಂತಾ ಮಾವ?" ಅಂತ ಕೇಳಿದೆ.

"ನಂಗೆಲ್ಲಿ ಬರುತ್ತೆ ಕಣೋ. ಆದ್ರೆ ಬರೋವರೆಗೂ ಕಾಯ್ತಾ ಕೂತ್ಕೊಳ್ಳೋಕೆ ಆಗುತ್ತಾ?"

ಆ ವಾರ ಬೆಂಗಳೂರಿನ ಬೀದಿಬೀದಿಯಲ್ಲೂ ಇದೇ ದೃಶ್ಯ. ವಾಣಿಜ್ಯ ತೆರಿಗೆ ಇಲಾಖೆಯು ಪಾವತಿ ಕಂಪನಿಗಳಿಂದ 2021-22ರಿಂದ 2024-25ರವರೆಗಿನ ಯುಪಿಐ ಮಾಹಿತಿ ತರಿಸಿಕೊಂಡು, ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದ ಸರಕು ವ್ಯಾಪಾರಿಗಳಿಗೆ ಮತ್ತು 20 ಲಕ್ಷ ದಾಟಿದ ಸೇವಾದಾರರಿಗೆ ಜಿಎಸ್‌ಟಿ ನೋಟಿಸ್ ಕಳಿಸಿತ್ತು. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿ, ತರಕಾರಿ ಗಾಡಿ, ಹೀಗೆ ಸಾವಿರಾರು ಮಂದಿ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ 29 ಲಕ್ಷ ಕಟ್ಟಿ ಅಂತ ನೋಟಿಸ್ ಬಂದದ್ದು ಎಲ್ಲ ಕಡೆ ಸುದ್ದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ ಅನ್ನೋದು ಬೇರೆ ಮಾತು.

ಆಮೇಲೆ ನಡೆದದ್ದು ನಿಮಗೆ ನೆನಪಿರಬಹುದು. ಬೇಕರಿ, ಕಾಂಡಿಮೆಂಟ್ಸ್‌ನವರು ಹಾಲು ಮಾರಾಟ ನಿಲ್ಲಿಸಿ, ಕಪ್ಪು ಪಟ್ಟಿ ಕಟ್ಟಿಕೊಂಡು ಬ್ಲ್ಯಾಕ್ ಟೀ ಮಾರಿದರು. ಜುಲೈ 25ಕ್ಕೆ ಬಂದ್ ಅಂದರು. 23ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ಜಿಎಸ್‌ಟಿಗೆ ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ವಸೂಲಿ ಮಾಡೋದಿಲ್ಲ ಅಂತ ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು. ಬಿಜೆಪಿಯವರು ನೋಟಿಸ್ ಕೊಟ್ಟಿದ್ದು ರಾಜ್ಯ ಸರ್ಕಾರ ಅಂದರು, ಕಾಂಗ್ರೆಸ್‌ನವರು ಕಾನೂನು ಕೇಂದ್ರದ್ದು ಅಂದರು. ಟಿವಿ ಚರ್ಚೆ ಅಲ್ಲಿಗೆ ಮುಗೀತು.

ನನಗೆ ಮಾತ್ರ ಆ ಕೆರೆದ ಸ್ಟಿಕ್ಕರ್ ಇನ್ನೂ ಕಾಡ್ತಾ ಇದೆ. ತೆರಿಗೆ ಕಟ್ಟಬೇಕೋ ಬೇಡವೋ ಅನ್ನೋದು ಕಷ್ಟದ ಪ್ರಶ್ನೆಯೇನಲ್ಲ, ಮಿತಿ ದಾಟಿದವರು ಕಟ್ಟಬೇಕು. ನನ್ನ ಪ್ರಶ್ನೆ ಬೇರೆ. ಒಂದು ಸಣ್ಣ ಅಂಗಡಿಯ ಗಿರಾಕಿ ಯಾರು, ಅವರು ಯಾವಾಗ ಬರ್ತಾರೆ, ಎಷ್ಟು ಕೊಳ್ಳುತ್ತಾರೆ ಅನ್ನೋದು ಹತ್ತು ವರ್ಷದ ಹಿಂದೆ ಅಂಗಡಿಯವನಿಗೆ ಮಾತ್ರ ಗೊತ್ತಿತ್ತು. ಈಗ ಬ್ಯಾಂಕಿಗೆ ಗೊತ್ತು, ಪಾವತಿ ಆ್ಯಪ್‌ಗೆ ಗೊತ್ತು, ಡೆಲಿವರಿ ಕಂಪನಿಗೆ ಗೊತ್ತು, ಇಲಾಖೆಗೂ ಗೊತ್ತು. ಈ ತಿಳಿವಳಿಕೆಯಿಂದ ಅವರೆಲ್ಲ ಏನೋ ಒಂದು ಮಾಡಿಕೊಂಡರು. ಅಂಗಡಿಯವನಿಗೆ ಏನು ಸಿಕ್ತು?

ಮಾವನ ಡೇಟಾಬೇಸ್

ಎಂಜಿನಿಯರಿಂಗ್ ಕೊನೇ ವರ್ಷದಲ್ಲಿ ಪ್ರಾಜೆಕ್ಟಿಗೆ ವಿಷಯ ಸಿಗದೆ ಒದ್ದಾಡ್ತಿದ್ದಾಗ ನನಗೆ ಹೊಳೆದದ್ದು ಮಾವನ ಅಂಗಡಿ. 'ಚಿಲ್ಲರೆ ಅಂಗಡಿಗೆ ಗ್ರಾಹಕ ನಿರ್ವಹಣಾ ವ್ಯವಸ್ಥೆ' ಅಂತ ದೊಡ್ಡ ಹೆಸರಿಟ್ಟು, ಒಂದು ಟೇಬಲ್ಲಿನಲ್ಲಿ ಗಿರಾಕಿ, ಇನ್ನೊಂದರಲ್ಲಿ ಸಾಮಾನು, ಮತ್ತೊಂದರಲ್ಲಿ ಬಾಕಿ ಅಂತ ಮಾಡಿಕೊಂಡು ಹೋದೆ. ಮಾವ ಐದು ನಿಮಿಷ ನೋಡಿದರು. "ಇದ್ರಲ್ಲಿ ಗಂಡ ಕುಡೀತಾನೆ ಅಂತ ಎಲ್ಲಿ ಬರಿಯೋದು?" ಅಂದರು.

ನಾನು ನಕ್ಕೆ. ಅವರು ತಮಾಷೆ ಮಾಡ್ತಿರಲಿಲ್ಲ. ಲಗ್ಗೆರೆ, ಪೀಣ್ಯ ಕಡೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳೇ ಅವರ ಮುಖ್ಯ ಗಿರಾಕಿಗಳು. ಸಂಬಳ ಏಳರಿಂದ ಹತ್ತನೇ ತಾರೀಖಿನೊಳಗೆ ಬೀಳುತ್ತೆ. ಮೊದಲ ವಾರ ಐದು ಕೆಜಿ ಅಕ್ಕಿ, ಒಂದು ಲೀಟರ್ ಎಣ್ಣೆ. ಇಪ್ಪತ್ತನೇ ತಾರೀಖು ದಾಟಿದರೆ ಅರ್ಧ ಕೆಜಿ ಅಕ್ಕಿ, ಕಾಲು ಕೆಜಿ ಬೇಳೆ, ಶಾಂಪೂ ಬಾಟಲಿ ಹೋಗಿ ಸ್ಯಾಶೆ. ಉದ್ರಿ ಪುಸ್ತಕದಲ್ಲಿ ಸಾಲ ಬರೆಸುವುದು ಹೆಂಡತಿ ಹೆಸರಲ್ಲೇ. ಗಂಡ ಬಂದು ಕೇಳಿದರೆ ಸಿಗರೇಟಿಗೆ ಉದ್ರಿ ಇಲ್ಲ. ಇದು ಮಾವನ ನಿಯಮ. ಆ ನಿಯಮದಿಂದ ಬಾಕಿ ಮುಳುಗೋದು ಕಡಿಮೆಯಾಯಿತು, ಹೆಂಗಸರಿಗೆ ಅಂಗಡಿ ಮೇಲೆ ನಂಬಿಕೆಯೂ ಬಂತು. ಹೊಸದಾಗಿ ಬಾಡಿಗೆಗೆ ಬಂದವರನ್ನು ಹಳಬರೇ ಕರೆದುಕೊಂಡು ಬಂದು "ಅಣ್ಣಾ, ಇವ್ರೂ ನಮ್ಮ ಲೈನ್‌ನೋರೇ" ಅಂತ ಪರಿಚಯ ಮಾಡಿಸೋರು. ಹಾಗೆ ಪರಿಚಯಿಸಿದವರೇ ಒಂದು ರೀತಿ ಜಾಮೀನು.

2016ರ ಏಪ್ರಿಲ್‌ನಲ್ಲಿ ಪಿಎಫ್ ನಿಯಮ ಬದಲಾಯಿಸಿದ್ದರ ವಿರುದ್ಧ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಎರಡು ದಿನ ರಸ್ತೆಗಿಳಿದರಲ್ಲ, ಆಗ ನಾನು ಪತ್ರಿಕೋದ್ಯಮಕ್ಕೆ ಹೊಸಬ. ಯಾವ ದೊಡ್ಡ ನಾಯಕರೂ ಮುಂದೆ ನಿಲ್ಲದೆ ಇಷ್ಟು ಜನ ಎಲ್ಲಿಂದ ಬಂದರು ಅಂತ ಪೊಲೀಸರಿಗೂ ಅಚ್ಚರಿ, ನಮಗೂ ಅಚ್ಚರಿ. ಏಪ್ರಿಲ್ 19ಕ್ಕೆ ಕೇಂದ್ರ ಸರ್ಕಾರ ಆ ನಿಯಮವನ್ನೇ ವಾಪಸ್ ತಗೊಂಡಿತು. ರಾತ್ರಿ ಮಾವನಿಗೆ ಫೋನ್ ಮಾಡಿದರೆ ಅವರಿಗೆ ಆಶ್ಚರ್ಯವೇ ಇಲ್ಲ. "ಒಂದು ವಾರದಿಂದ ಅಂಗಡಿ ಮುಂದೆ ಅದೇ ಮಾತು. ಪಿಎಫ್ ದುಡ್ಡು ನಂಬ್ಕೊಂಡು ಎಷ್ಟು ಜನ ಚೀಟಿ ಎತ್ತಿದಾರೆ ಗೊತ್ತಾ ನಿಂಗೆ?" ಅಂದರು. ವರದಿಗಾರನಾದ ನನಗಿಂತ ಅವರ ಬಳಿ ಹೆಚ್ಚು ಸುದ್ದಿ ಇತ್ತು.

2020ರ ಲಾಕ್‌ಡೌನ್‌ನಲ್ಲಿ ಫ್ಯಾಕ್ಟರಿ ಮುಚ್ಚಿದಾಗ ಎರಡು ತಿಂಗಳು ಉದ್ರಿ ಕೊಟ್ಟವರು ಇಂಥ ಅಂಗಡಿಯವರೇ. ಊರಿಗೆ ಹೋದವರಲ್ಲಿ ಕೆಲವರು ವಾಪಸ್ ಬರಲೇ ಇಲ್ಲ, ಆ ಬಾಕಿ ಮುಳುಗಿತು. ಬಂದವರು ಬೇರೆ ಅಂಗಡಿ ಮೆಟ್ಟಿಲು ಹತ್ತಲಿಲ್ಲ.

ಇದನ್ನೆಲ್ಲ ಹೇಳಿ ಕಿರಾಣಿ ಅಂಗಡಿಗೆ ಪೂಜೆ ಮಾಡೋಕೆ ನಾನು ಹೊರಟಿಲ್ಲ. ಉದ್ರಿ ಪುಸ್ತಕ ಅಂದರೆ ಒಂದು ಅಧಿಕಾರ ಕೂಡ. ಯಾರ ಮನೆಯಲ್ಲಿ ಏನು ನಡೀತಿದೆ ಅನ್ನೋದು ಅಂಗಡಿಯವನಿಗೆ ಗೊತ್ತಿರುತ್ತೆ, ಅದು ನಾಲ್ಕು ಜನರ ಬಾಯಿಗೂ ಬೀಳುತ್ತೆ. ಚಿಲ್ಲರೆ ಬದಲು ಚಾಕಲೇಟ್ ಕೊಡೋದು, ಫ್ರಿಜ್ಜಿನಲ್ಲಿಟ್ಟ ನೀರಿಗೆ ಎಂಆರ್‌ಪಿ ಮೇಲೆ ಎರಡು ರೂಪಾಯಿ ಹಾಕೋದು, ಡೇಟ್ ಮುಗಿದ ಬಿಸ್ಕತ್ತನ್ನು ಮುಂದಿಟ್ಟು ಸಾಗಹಾಕೋದು ನಾವೆಲ್ಲ ಕಂಡದ್ದೇ. ಸ್ಯಾನಿಟರಿ ಪ್ಯಾಡ್ ಕೇಳಿದರೆ ಪೇಪರ್ ಸುತ್ತಿ ಕಪ್ಪು ಕವರಿನಲ್ಲಿ ಹಾಕಿ, ಕಳ್ಳಮಾಲು ಕೊಟ್ಟ ಹಾಗೆ ಕೊಡ್ತಾರೆ. ಅಮ್ಮ ಮಾವನ ಅಂಗಡಿಯಲ್ಲಿ ಇಪ್ಪತ್ತು ವರ್ಷ ಉದ್ರಿ ಬರೆಸಿರಬಹುದು, ಆದರೆ ಮಗಳು ಪ್ಯಾಡನ್ನು ಹತ್ತು ನಿಮಿಷದ ಆ್ಯಪ್‌ನಲ್ಲಿ ತರಿಸ್ತಾಳೆ. ಅವಳಿಗೆ ಬೇಕಿರೋದು ವೇಗ ಮಾತ್ರ ಅಲ್ಲ, ಯಾರೂ ದಿಟ್ಟಿಸಿ ನೋಡದಿರುವುದು. ಮಾವನಿಗೆ ತಾಯಂದಿರು ಅರ್ಥವಾಗಿದ್ದರು, ಹೆಣ್ಣುಮಕ್ಕಳು ಅರ್ಥವಾಗಿರಲಿಲ್ಲ.

ಕ್ವಿಕ್ ಕಾಮರ್ಸ್‌ನಿಂದ ಒಂದೇ ವರ್ಷದಲ್ಲಿ ದೇಶದಲ್ಲಿ ಎರಡು ಲಕ್ಷ ಕಿರಾಣಿ ಅಂಗಡಿ ಮುಚ್ಚಿದವು ಅಂತ ವಿತರಕರ ಒಕ್ಕೂಟವೊಂದು 2024ರಲ್ಲಿ ಹೇಳಿತ್ತು. ಅದು ಅವರ ಲೆಕ್ಕ, ಅವರದೂ ಒಂದು ಹಿತಾಸಕ್ತಿ ಇದೆ. ಆದರೆ ಬಂಡವಾಳದ ಬಲದ ರಿಯಾಯಿತಿಯೊಂದೇ ಗಿರಾಕಿಯನ್ನು ಎಳೆದುಕೊಂಡು ಹೋಯಿತು ಅನ್ನೋ ಕಥೆಯನ್ನು ನಾನು ಪೂರ್ತಿ ಒಪ್ಪಲ್ಲ. ಕಪ್ಪು ಕವರಿಗೂ ಅದರಲ್ಲಿ ಪಾಲಿದೆ.

ಸಂಪರ್ಕ ಅಂದ್ರೆ ವಿಸಿಟಿಂಗ್ ಕಾರ್ಡಾ?

ಇನ್‌ಸ್ಟಾಗ್ರಾಂ ತೆರೆದರೆ ಸಾಕು, ಬ್ಲೇಜರ್ ಹಾಕಿಕೊಂಡವರೊಬ್ಬರು ಬಂದು 'ನೆಟ್‌ವರ್ಕಿಂಗ್ ಮಾಡಿ, ಗ್ರಾಹಕರನ್ನು ಅರ್ಥ ಮಾಡ್ಕೊಳ್ಳಿ, ಬಿಸಿನೆಸ್ ಬೆಳೆಸಿ' ಅಂತ ಹೇಳ್ತಾರೆ. ಸಲಹೆ ತಪ್ಪಲ್ಲ. ಒಮ್ಮೆ ವರದಿಗೆ ಅಂತ ಬೆಂಗಳೂರಿನ ಸ್ಟಾರ್ ಹೋಟೆಲ್ ಒಂದರಲ್ಲಿ ಬೆಳಗ್ಗೆ ಏಳಕ್ಕೆ ನಡೆಯುವ ನೆಟ್‌ವರ್ಕಿಂಗ್ ಸಭೆಗೆ ಹೋಗಿದ್ದೆ. ವರ್ಷದ ಸದಸ್ಯತ್ವಕ್ಕೆ ದುಡ್ಡು, ವಾರದ ತಿಂಡಿಗೂ ದುಡ್ಡು. ಒಂದು ಬಗೆಯ ವ್ಯಾಪಾರಕ್ಕೆ ಒಬ್ಬರೇ ಸದಸ್ಯರು. ಒಬ್ಬ ಇಂಟೀರಿಯರ್‌ನವನಿದ್ದರೆ ಇನ್ನೊಬ್ಬನಿಗೆ ಜಾಗವಿಲ್ಲ. ನಿಮ್ಮ ಪೈಪೋಟಿಗಾರನನ್ನು ಬಾಗಿಲಲ್ಲೇ ತಡೆಯುತ್ತಾರೆ ಅನ್ನೋದೇ ಅಲ್ಲಿನ ದೊಡ್ಡ ಆಕರ್ಷಣೆ. ಇಡ್ಲಿ ಚೆನ್ನಾಗಿತ್ತು.

ಈ ಊರಿನ ಸಣ್ಣ ವ್ಯಾಪಾರ ಬೆಳೆದದ್ದು ಬಹುಮಟ್ಟಿಗೆ ಇದಕ್ಕೆ ಉಲ್ಟಾ ದಾರಿಯಲ್ಲಿ. ದರ್ಶಿನಿಗಳನ್ನೇ ನೋಡಿ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಕೆಫೆ ದರ್ಶಿನಿ ಶುರು ಮಾಡಿದಾಗ ಅವರು ಹಿಡಿದದ್ದು ಗಿರಾಕಿಯ ಒಂದು ಸರಳ ಸತ್ಯವನ್ನು: ಆಫೀಸಿಗೆ ಓಡುವವನಿಗೆ ಕೂರಲು ಸಮಯವಿಲ್ಲ, ಸಪ್ಲೈಯರ್‌ಗೆ ಕಾಯುವ ತಾಳ್ಮೆಯಿಲ್ಲ, ಜೇಬಿನಲ್ಲಿ ಹೆಚ್ಚು ದುಡ್ಡೂ ಇಲ್ಲ. ನಿಂತು ತಿನ್ನಲಿ, ಟೋಕನ್ ತಗೊಂಡು ತಾನೇ ಬಡಿಸಿಕೊಳ್ಳಲಿ, ಅಡುಗೆಮನೆ ಕಣ್ಣೆದುರಿಗೇ ಇರಲಿ. ಆಮೇಲೆ ಪ್ರಭಾಕರ್ ಈ ಮಾದರಿಯನ್ನು ಮುಚ್ಚಿಟ್ಟುಕೊಳ್ಳದೆ, ಹೋಟೆಲ್ ಶುರು ಮಾಡಲು ಬಂದ ಹಲವರಿಗೆ ಹೇಳಿಕೊಟ್ಟರು. ಹಾಗಾಗಿ ಇವತ್ತು ದರ್ಶಿನಿ ಅನ್ನೋದು ಯಾರೋ ಒಬ್ಬರ ಬ್ರ್ಯಾಂಡ್ ಅಲ್ಲ, ಒಂದು ಬಗೆಯ ಹೋಟೆಲಿನ ಹೆಸರು.

ಅಯ್ಯಂಗಾರ್ ಬೇಕರಿಗಳದ್ದು ಇನ್ನೂ ಹಳೇ ಕಥೆ. 1898ರಲ್ಲಿ ಚಿಕ್ಕಪೇಟೆಯಲ್ಲಿ ಎಚ್.ಎಸ್. ತಿರುಮಲಾಚಾರ್ ತೆರೆದ ಬಿ.ಬಿ. ಬೇಕರಿಯಿಂದ ಈ ಪರಂಪರೆ ಶುರು ಅಂತ ಹೇಳ್ತಾರೆ. ಸಿಹಿತಿಂಡಿ ಅಂಗಡಿಗೆ ಬರುತ್ತಿದ್ದ ಆಂಗ್ಲ ಗಿರಾಕಿಯೊಬ್ಬ ಬ್ರೆಡ್ ಮಾಡುವುದನ್ನು ಕಲಿಸಿದ ಅನ್ನೋದು ಆ ಮನೆತನದವರು ಹೇಳುವ ಕಥೆ. ಕಲಿತದ್ದನ್ನು ಮೊಟ್ಟೆಯಿಲ್ಲದೆ ಮಾಡಿದ್ದು ಪೇಟೆಯ ಗಿರಾಕಿಗಳಿಗಾಗಿ. ಆಮೇಲೆ ಹಾಸನದ ಕಡೆಯಿಂದ ನಂಟರು, ಊರಿನವರು ಬಂದು ಕೆಲಸಕ್ಕೆ ಸೇರಿದರು. ಒಲೆ ಮುಂದೆ ಕೆಲವು ವರ್ಷ ಬೆವರಿ, ಸ್ವಲ್ಪ ಕೈಸಾಲ ಎತ್ತಿ, ಇನ್ನೊಂದು ಬಡಾವಣೆಯಲ್ಲಿ ಅದೇ ಥರದ ಬೋರ್ಡ್ ಹಾಕಿದರು. ಕಲಿಯೋದು, ಬಂಡವಾಳ, ಮೈದಾ ಕೊಡುವ ಅಂಗಡಿಯ ಪರಿಚಯ, ಎಲ್ಲವೂ ಒಂದೇ ಬಳ್ಳಿಯಲ್ಲಿ ಸಿಗುತ್ತಿತ್ತು. ಉಡುಪಿ ಹೋಟೆಲುಗಳು ದೇಶದಾದ್ಯಂತ ಹಬ್ಬಿದ್ದು ಕೂಡ ಇಂಥದ್ದೇ ಬಳ್ಳಿಯಿಂದ.

ಆದರೆ ಆ ಬಳ್ಳಿಗೆ ಜಾತಿಯ ಹೆಸರಿದೆ, ಬೋರ್ಡಿನ ಮೇಲೇ ಬರೆದಿದೆ. ಯಾರ ಮಾವನಿಗೆ ಬೇಕರಿ ಇರಲಿಲ್ಲವೋ, ಯಾರ ಕೈಯ ಅಡುಗೆಯನ್ನು ಊರು ಮುಟ್ಟುತ್ತಿರಲಿಲ್ಲವೋ, ಅವರಿಗೆ ಈ 'ನೆಟ್‌ವರ್ಕ್' ಯಾವತ್ತೂ ತೆರೆದಿರಲಿಲ್ಲ. ಒಬ್ಬ ದಲಿತ ಹುಡುಗ ಹೋಟೆಲ್ ಇಡಬೇಕು ಅಂದರೆ ಅವನಿಗೆ ಸಾಲಕ್ಕಿಂತ ಮೊದಲು ಬೇಕಾಗೋದು, ಅವನ ಹೆಸರು ಗೊತ್ತಾದ ಮೇಲೂ ಬಂದು ತಿನ್ನುವ ಗಿರಾಕಿ. ಬಿಸಿನೆಸ್ ಗುರುಗಳು ಈ ಮಾತು ಆಡೋದನ್ನು ನಾನಂತೂ ಕೇಳಿಲ್ಲ. ಹಾಗಾಗಿಯೇ ಕ್ಯೂಆರ್ ಸ್ಟಿಕ್ಕರ್, ಡೆಲಿವರಿ ಆ್ಯಪ್ ಇವೆಲ್ಲ ಬಂದಾಗ ಅದರಲ್ಲಿ ಒಂದು ಆಸೆ ಇತ್ತು. ಜಾತಿ, ಊರು, ಪರಿಚಯ ಇಲ್ಲದವನೂ ಗಿರಾಕಿಯನ್ನು ಮುಟ್ಟಬಹುದು, ಬ್ಯಾಂಕಿಗೆ ತನ್ನ ವ್ಯಾಪಾರ ತೋರಿಸಿ ಸಾಲ ತಗೋಬಹುದು ಅಂತ. ನನಗೂ ಇತ್ತು ಆ ಆಸೆ. ಕೋಡ್ ಬರೆಯೋದನ್ನು ಬಿಟ್ಟು ಬಂದಿದ್ದರೂ ತಂತ್ರಜ್ಞಾನದ ಮೇಲಿನ ನಂಬಿಕೆ ಪೂರ್ತಿ ಬಿಟ್ಟಿರಲಿಲ್ಲ.

ಗಿರಾಕಿ ನಿಮ್ಮವರಲ್ಲ

ಡೆಲಿವರಿ ಆ್ಯಪ್‌ನಲ್ಲಿ ಆರ್ಡರ್ ಬಂದಾಗ ಹೋಟೆಲ್‌ನವರಿಗೆ ಕಾಣೋದು ಏನು ಅಂತ ಒಮ್ಮೆ ಕೇಳಿ ನೋಡಿ. ಬೇಕಾದ ಐಟಂ ಗೊತ್ತಾಗುತ್ತೆ. ಗಿರಾಕಿಯ ಫೋನ್ ನಂಬರ್ ಸಿಗದ ಹಾಗೆ ಮುಚ್ಚಿರುತ್ತಾರೆ. ಒಬ್ಬರು ನಿಮ್ಮ ಹೋಟೆಲಿಂದ ನೂರು ಸಲ ಬಿರಿಯಾನಿ ತರಿಸಿಕೊಂಡಿರಬಹುದು, ರಸ್ತೆಯಲ್ಲಿ ಎದುರಾದರೆ ನಿಮಗೆ ಗುರುತಿಲ್ಲ. ಅವರು ತರಿಸೋದನ್ನು ನಿಲ್ಲಿಸಿದರೆ ಯಾಕೆ ಅಂತ ಕೇಳುವ ದಾರಿಯೂ ಇಲ್ಲ. ಗಿರಾಕಿ ಆ್ಯಪಿನವರು, ಅಡುಗೆ ಮಾತ್ರ ನಿಮ್ಮದು. ಮೇಲೆ ಕಮಿಷನ್, ಮೇಲಿನ ಸಾಲಿನಲ್ಲಿ ಕಾಣಬೇಕು ಅಂದರೆ ಜಾಹೀರಾತಿನ ದುಡ್ಡು. ರೆಸ್ಟೋರೆಂಟ್‌ಗಳ ರಾಷ್ಟ್ರೀಯ ಸಂಘಟನೆ 2021ರಲ್ಲಿ ಸ್ಪರ್ಧಾ ಆಯೋಗಕ್ಕೆ ಹೋದಾಗ ಅವರ ದೂರುಗಳಲ್ಲಿ ಈ ಮಾಹಿತಿ ಮುಚ್ಚಿಡುವುದೂ ಒಂದು. 2022ರ ಏಪ್ರಿಲ್‌ನಲ್ಲಿ ಆಯೋಗ ಜೊಮ್ಯಾಟೊ, ಸ್ವಿಗ್ಗಿ ಎರಡರ ಮೇಲೂ ತನಿಖೆಗೆ ಆದೇಶ ಮಾಡಿತು.

ಗಿರಾಕಿಯ ಖಾಸಗಿತನದ ಮಾತು ಇಲ್ಲಿ ಬರುತ್ತೆ, ಬರಲೇಬೇಕು. ಬಿರಿಯಾನಿ ತರಿಸಿದ ತಪ್ಪಿಗೆ ನಿಮ್ಮ ನಂಬರ್ ಹತ್ತು ಹೋಟೆಲಿನವರ ಬಳಿ ಇರಬೇಕು ಅಂತ ನಾನು ಹೇಳ್ತಿಲ್ಲ. ಒಂಟಿಯಾಗಿರುವ ಹೆಣ್ಣುಮಕ್ಕಳಿಗೆ ಈ ಮುಚ್ಚಿಟ್ಟ ನಂಬರೇ ರಕ್ಷಣೆ. ಆದರೆ 'ಈ ಹೋಟೆಲಿಗೆ ನನ್ನ ನಂಬರ್ ಕೊಡಿ' ಅಂತ ಗಿರಾಕಿಯೇ ಒಂದು ಬಟನ್ ಒತ್ತುವ ಅವಕಾಶ ಕೊಡೋದು ಎಷ್ಟು ಹೊತ್ತಿನ ಕೆಲಸ? ಎಂಜಿನಿಯರ್ ಆಗಿ ಹೇಳ್ತೀನಿ, ಇದು ದೊಡ್ಡ ಕೆಲಸವಲ್ಲ. ಖಾಸಗಿತನದ ಹೆಸರಿನಲ್ಲಿ ಕಾಯ್ತಾ ಇರೋದು ಗಿರಾಕಿಯನ್ನೋ ಕಂಪನಿಯ ಹಿಡಿತವನ್ನೋ ಅನ್ನೋದಕ್ಕೆ ಈ ಒಂದು ಬಟನ್ ಒಳ್ಳೇ ಪರೀಕ್ಷೆ.

ಬೇರೆ ದಾರಿ ಇಲ್ಲವೇ ಇಲ್ಲ ಅಂತೇನಿಲ್ಲ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಮ್ಮ ಯಾತ್ರಿ ಶುರುವಾದಾಗ ಅದರ ಹಿಂದೆ ಜಸ್‌ಪೇ ಕಂಪನಿಯ ತಂತ್ರಜ್ಞಾನದ ಜೊತೆಗೆ ಆಟೋ ಚಾಲಕರ ಯೂನಿಯನ್ ಕೂಡ ಇತ್ತು. ಪ್ರತಿ ಟ್ರಿಪ್ಪಿಗೆ ಕಮಿಷನ್ ಇಲ್ಲ, ಬದಲಿಗೆ ದಿನಕ್ಕೆ 25 ರೂಪಾಯಿಯ ಲೆಕ್ಕ ಬಂತು. ಪ್ರಯಾಣಿಕ ಕೊಟ್ಟ ಬಾಡಿಗೆ ನೇರ ಚಾಲಕನ ಕೈಗೆ. ಅದರಲ್ಲೂ ತಕರಾರುಗಳಿವೆ, ಸಂಜೆ ಮಳೆ ಬಂದಾಗ ಆಟೋ ಸಿಗದೆ ನಾನೂ ಬೈದುಕೊಂಡಿದ್ದೀನಿ. ಆದರೆ ಈ ಉದಾಹರಣೆಯಲ್ಲಿ ಗಮನಿಸಬೇಕಾದ್ದು ಆ್ಯಪ್ ಅಲ್ಲ. ಸ್ಟ್ಯಾಂಡಿನಲ್ಲಿ ಚಾಲಕರು ಒಬ್ಬರಿಗೊಬ್ಬರು ಹೇಳಿ ಅದನ್ನು ಹಬ್ಬಿಸಿದರು. ಮೊದಲು ಸಂಘ ಇತ್ತು, ಆ್ಯಪ್ ಅದರ ಮೇಲೆ ಬಂತು.

ಇನ್ನು ಸರ್ಕಾರದ ವಿಷಯ. 2020ರ ಜೂನ್‌ನಲ್ಲಿ ಬಂದ ಪಿಎಂ ಸ್ವನಿಧಿ ಯೋಜನೆ ಬೀದಿ ವ್ಯಾಪಾರಿಗಳಿಗೆ ಮೊದಲ ಕಂತಿನಲ್ಲಿ 10 ಸಾವಿರ ಸಾಲ, ಶೇ 7ರ ಬಡ್ಡಿ ಸಹಾಯಧನ, ಜೊತೆಗೆ ಕ್ಯೂಆರ್ ಬಳಸಿದರೆ ಕ್ಯಾಶ್‌ಬ್ಯಾಕ್ ಕೊಟ್ಟಿತು. ಅಂದರೆ ದುಡ್ಡು ಕೊಟ್ಟು ಸ್ಟಿಕ್ಕರ್ ಅಂಟಿಸಿಕೊಳ್ಳಿ ಅಂದದ್ದು ಕೇಂದ್ರ ಸರ್ಕಾರ. ಐದು ವರ್ಷದ ನಂತರ ಅದೇ ಸ್ಟಿಕ್ಕರಿನ ಲೆಕ್ಕ ಹಿಡಿದು ನೋಟಿಸ್ ಕಳಿಸಿದ್ದು ರಾಜ್ಯದ ಇಲಾಖೆ. ತಳ್ಳುಗಾಡಿಯವನಿಗೆ ಕೇಂದ್ರ ಯಾವುದು, ರಾಜ್ಯ ಯಾವುದು? ಅವನ ಕಣ್ಣಿಗೆ ಎಲ್ಲವೂ 'ಗೌರ್ಮೆಂಟು'.

ಒಂದು ಸಣ್ಣ ಲೆಕ್ಕ ಹಾಕೋಣ. ವರ್ಷಕ್ಕೆ 40 ಲಕ್ಷ ಅಂದರೆ ದಿನಕ್ಕೆ ಸುಮಾರು 11 ಸಾವಿರ. ಹಾಲು, ಸಿಗರೇಟು, ಬಿಸ್ಕತ್ತು, ನೀರಿನ ಬಾಟಲಿ ಮಾರುವ ಒಂದು ಮೂಲೆ ಅಂಗಡಿ ಇದನ್ನು ಸುಲಭವಾಗಿ ಮುಟ್ಟುತ್ತೆ. ಮಾರ್ಜಿನ್ ಸರಾಸರಿ ಶೇ 8 ಅಂತ ಇಟ್ಟುಕೊಳ್ಳಿ, ವರ್ಷಕ್ಕೆ 3.2 ಲಕ್ಷ, ತಿಂಗಳಿಗೆ 26-27 ಸಾವಿರ. ಅದರಲ್ಲಿ ಬಾಡಿಗೆ, ಕರೆಂಟು, ಹುಡುಗನ ಸಂಬಳ ಕಳೆಯಿರಿ. ದೊಡ್ಡ ಸಂಖ್ಯೆಯ ವಹಿವಾಟು, ಸಣ್ಣ ಸಂಖ್ಯೆಯ ಬದುಕು. ಹಾಲಿಗೆ ತೆರಿಗೆ ಇಲ್ಲ ನಿಜ, ಆದರೆ ತೆರಿಗೆ ಇರುವ ಸಾಮಾನಿನ ಜೊತೆ ಹಾಲನ್ನೂ ಮಾರಿದರೆ ಆ ಹಾಲಿನ ದುಡ್ಡೂ 40 ಲಕ್ಷದ ಮಿತಿಗೆ ಸೇರುತ್ತೆ. ಈ ಸೂಕ್ಷ್ಮ ಎಷ್ಟು ಅಂಗಡಿಯವರಿಗೆ ಗೊತ್ತಿತ್ತು? ಇನ್ನೊಂದು ಕಡೆ, ಒಂದೂವರೆ ಕೋಟಿವರೆಗಿನ ವ್ಯಾಪಾರಿಗಳಿಗೆ ರಾಜಿ ತೆರಿಗೆ ಪದ್ಧತಿ ಇದೆ. ತೆರಿಗೆ ಇರುವ ಸಾಮಾನಿನ ಮಾರಾಟದ ಮೇಲೆ ಶೇ 1 ಕಟ್ಟಿದರೆ ಮುಗೀತು, ತಿಂಗಳು ತಿಂಗಳು ತಲೆಬಿಸಿ ಇಲ್ಲ. ಅದನ್ನು ಮೊದಲೇ ಬೀದಿಗೆ ಬಂದು ಕನ್ನಡದಲ್ಲಿ ಹೇಳಿದ್ದರೆ ಹೆಚ್ಚಿನವರು ಗೊಣಗಿಕೊಂಡಾದರೂ ಒಪ್ಪುತ್ತಿದ್ದರು ಅನ್ನೋದು ನನ್ನ ಅಂದಾಜು. ಮಾವನ ಅಂಗಡಿ ಸಾಲಿನಲ್ಲಿ ನಾನು ಮಾತಾಡಿಸಿದ ಏಳೆಂಟು ಮಂದಿಯಲ್ಲಿ ಈ ಪದ್ಧತಿಯ ಹೆಸರು ಕೇಳಿದ್ದವರು ಒಬ್ಬರೇ, ಅವರ ಅಳಿಯ ಆಡಿಟರ್ ಆಫೀಸಿನಲ್ಲಿದ್ದಾನೆ.

ಗಿರಾಕಿಯನ್ನು ಅರ್ಥ ಮಾಡ್ಕೊಳ್ಳಿ ಅಂತ ಅಂಗಡಿಯವನಿಗೆ ಉಪದೇಶ ಮಾಡುವ ಸರ್ಕಾರಕ್ಕೆ, ತನ್ನ ಗಿರಾಕಿಯಾದ ಅಂಗಡಿಯವನೇ ಅರ್ಥವಾಗಿರಲಿಲ್ಲ. ಅವನ ಬ್ಯಾಂಕ್ ಖಾತೆಯ ಒಟ್ಟು ಮೊತ್ತ ಗೊತ್ತಿತ್ತು. ಆ ಖಾತೆಗೆ ಮಗಳ ಮದುವೆಗೆ ತೆಗೆದ ಕೈಸಾಲವೂ, ಚೀಟಿ ದುಡ್ಡೂ ಅದೇ ಕ್ಯೂಆರ್‌ನಿಂದ ಬಂದು ಬಿದ್ದಿರಬಹುದು ಅನ್ನೋದು ಗೊತ್ತಿರಲಿಲ್ಲ.

ವಾಟ್ಸಾಪ್ ಗ್ರೂಪಿನ ಬಲ

ಜುಲೈನಲ್ಲಿ ವ್ಯಾಪಾರಿಗಳನ್ನು ಉಳಿಸಿದ್ದು ಸಂಪರ್ಕವೇ. ಬೇಕರಿಯವರ ಸಂಘ, ಕಾಂಡಿಮೆಂಟ್ಸ್‌ನವರ ಗ್ರೂಪು, ಏರಿಯಾ ಮಟ್ಟದ ವಾಟ್ಸಾಪ್ ಗುಂಪುಗಳು. ನೋಟಿಸಿನ ಫೋಟೋ ಒಂದು ಗುಂಪಿನಿಂದ ಇನ್ನೊಂದಕ್ಕೆ ಹಾರಿ, ತಾನೊಬ್ಬನೇ ಸಿಕ್ಕಿಬಿದ್ದೆ ಅಂತ ಹೆದರಿದವನಿಗೆ ತನ್ನಂಥವರು ಸಾವಿರಾರು ಅಂತ ಗೊತ್ತಾಯಿತು. ಪಕ್ಕದ ಅಂಗಡಿಯವನನ್ನು ಪೈಪೋಟಿಗಾರ ಅಂತ ಬಾಗಿಲಲ್ಲಿ ತಡೆಯುವ ಸ್ಟಾರ್ ಹೋಟೆಲ್ ನೆಟ್‌ವರ್ಕಿನಿಂದ ಇದು ಸಾಧ್ಯವಾಗುತ್ತಿರಲಿಲ್ಲ.

ಆದರೆ ಆ ಬಲವನ್ನು ಖರ್ಚು ಮಾಡಿದ ರೀತಿ ನನಗೆ ಬೇಸರ ತಂದಿತು. ಹಳೇ ಬಾಕಿ ಮನ್ನಾ ಆಯಿತು, ಎಲ್ಲರೂ ಮನೆಗೆ ಹೋದರು. 'ನಮ್ಮ ಅಂಗಡಿಯ ಲೆಕ್ಕ ನಿಮಗೆಲ್ಲ ಸಿಕ್ಕಿತಲ್ಲ, ಅದನ್ನು ನಮಗೂ ಉಪಯೋಗಕ್ಕೆ ಬರೋ ಹಾಗೆ ಕೊಡಿ' ಅಂತ ಯಾರೂ ಕೇಳಲಿಲ್ಲ. ಪಾವತಿ ಕಂಪನಿಯ ಬಳಿ ಒಂದು ಅಂಗಡಿಗೆ ತಿಂಗಳಿಗೆ ಎಷ್ಟು ಹೊಸ ಗಿರಾಕಿ ಬಂದರು, ಎಷ್ಟು ಹಳಬರು ಬಿಟ್ಟು ಹೋದರು, ಯಾವ ಹೊತ್ತಿನಲ್ಲಿ ವ್ಯಾಪಾರ ಅನ್ನೋದನ್ನೆಲ್ಲ ಲೆಕ್ಕ ಹಾಕಲು ಬೇಕಾದ ಮಾಹಿತಿ ಇದೆ. ಅದನ್ನು ನೋಡಿಯೇ ಅವರು ಸಾಲ ಬೇಕಾ ಅಂತ ಅಂಗಡಿಯವನಿಗೆ ಮೆಸೇಜ್ ಕಳಿಸುತ್ತಾರೆ. ಅದೇ ಲೆಕ್ಕವನ್ನು ಕನ್ನಡದಲ್ಲಿ, ಒಂದು ಪುಟದಲ್ಲಿ, ಪ್ರತಿ ತಿಂಗಳು ಅಂಗಡಿಯವನಿಗೆ ಕೊಡಬೇಕು ಅನ್ನೋದು ದೊಡ್ಡ ಬೇಡಿಕೆಯಲ್ಲ. ಮಿತಿ ಹತ್ತಿರ ಬಂದಾಗ 'ಈ ವರ್ಷ ನೀವು 30 ಲಕ್ಷ ದಾಟಿದ್ದೀರಿ' ಅಂತ ಆ ಸೌಂಡ್‌ಬಾಕ್ಸೇ ಕೂಗಬಹುದಿತ್ತು. ಹತ್ತು ರೂಪಾಯಿ ಬಂದರೆ ಅಷ್ಟು ಜೋರಾಗಿ ಕೂಗುತ್ತಲ್ಲ.

ಬೀದಿ ವ್ಯಾಪಾರಿಗಳಿಗಾದರೆ 2014ರ ಕಾನೂನಿನಲ್ಲಿ ಪಟ್ಟಣ ವ್ಯಾಪಾರ ಸಮಿತಿ ಅಂತ ಒಂದಿದೆ, ಅದರಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ಆಯ್ಕೆಯಾದ ವ್ಯಾಪಾರಿಗಳೇ ಇರಬೇಕು. ಮೂಲೆ ಅಂಗಡಿಯವನಿಗೆ ಅಂಥ ಜಾಗವೂ ಇಲ್ಲ. ಅವನು ಕಾರ್ಮಿಕನಲ್ಲ, ಉದ್ಯಮಿ ಅಂತ ಕರೆಯುವಷ್ಟು ದೊಡ್ಡವನೂ ಅಲ್ಲ. ಎಡಪಂಥೀಯ ಗೆಳೆಯರು ಅವನನ್ನು ಸಣ್ಣ ಮಾಲೀಕ ಅಂತ ಬಿಡ್ತಾರೆ, ಬಲಪಂಥೀಯರು ಚುನಾವಣೆ ಹೊತ್ತಿಗೆ ತಬ್ಬಿಕೊಳ್ತಾರೆ. ನಾವು, ಅಂದರೆ ಇದನ್ನು ಓದ್ತಾ ಇರೋ ನೀವು ಮತ್ತು ನಾನು, ಹತ್ತು ನಿಮಿಷದ ಡೆಲಿವರಿ ಹುಡುಗನ ಪರವಾಗಿ ಪೋಸ್ಟ್ ಹಾಕಿ, ಆಮೇಲೆ ಅದೇ ಆ್ಯಪ್‌ನಲ್ಲಿ ಈರುಳ್ಳಿ ತರಿಸ್ತೀವಿ. ನಾನೂ ಮೊನ್ನೆ ತರಿಸಿದೆ.

ಈಗ ಮಾವನ ಅಂಗಡಿಯ ವ್ಯವಹಾರ ಬಹುಪಾಲು ನೋಡಿಕೊಳ್ಳೋದು ಅವರ ಮಗಳು. ಬಿ.ಕಾಂ ಮುಗಿಸಿದ್ದಾಳೆ. ಸೆಪ್ಟೆಂಬರ್‌ನಲ್ಲಿ ಕ್ಯೂಆರ್ ವಾಪಸ್ ಬಂತು, ಆದರೆ ಅಂಗಡಿಗೆ ಅಂತಲೇ ತೆರೆದ ಬೇರೆ ಖಾತೆಗೆ. ಪ್ಯಾಡುಗಳು ಈಗ ಸೋಪಿನ ಪಕ್ಕ, ಎದುರಿನ ರ‍್ಯಾಕಿನಲ್ಲಿವೆ, ಕಪ್ಪು ಕವರ್ ಇಲ್ಲ. ಮಾವ ಮೊದಮೊದಲು ಆ ಕಡೆ ನೋಡದೆ ಓಡಾಡುತ್ತಿದ್ದರಂತೆ. ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ವಾಟ್ಸಾಪ್‌ನಲ್ಲಿ ಆರ್ಡರ್ ಹಾಕಿದರೆ ಚೀಲ ಕಟ್ಟಿ ರೆಡಿ ಇಡ್ತಾಳೆ, ಹೆಂಗಸರು ಬಸ್ ಇಳಿದು ಎತ್ತಿಕೊಂಡು ಹೋಗ್ತಾರೆ.

ಹೋದ ತಿಂಗಳು ಹೋದಾಗ ಬ್ಯಾಂಕಿನ ಸ್ಟೇಟ್‌ಮೆಂಟನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ನೆಲದ ಮೇಲೆ ಹರಡಿಕೊಂಡು ಕೂತಿದ್ದಳು. ಪುಟಗಟ್ಟಲೆ ಇಂಗ್ಲಿಷ್ ಅಕ್ಷರ, ಉದ್ದುದ್ದ ನಂಬರು. ಕೆಂಪು ಪೆನ್ನಿನಲ್ಲಿ ಒಂದೊಂದು ಸಾಲಿನ ಪಕ್ಕ ಹೆಸರು ಬರೀತಿದ್ದಳು: ಮೂರನೇ ಕ್ರಾಸ್ ಅಕ್ಕ, ಟೈಲರ್ ಆಂಟಿ, ಮೇಲ್ಮನೆ ಬಿಹಾರದ ಹುಡುಗರು. ಪಕ್ಕದಲ್ಲಿ ಮಾವನ ಹಳೇ ಉದ್ರಿ ಪುಸ್ತಕ ತೆರೆದಿತ್ತು.

"ನೋಡಿ ಭಾವ, ಈ ನಾಲ್ಕು ಜನ ಎರಡು ತಿಂಗಳಿಂದ ಬಂದಿಲ್ಲ. ನಾಲ್ಕೂ ಜನ ಒಂದೇ ಫ್ಯಾಕ್ಟರಿ. ಅಲ್ಲಿ ಏನಾಗಿದೆ ಸ್ವಲ್ಪ ವಿಚಾರಿಸ್ತೀರಾ?" ಅಂದಳು.